ಬಾಣ ಮೊದಲು, ಸೂತ್ರ ಆಮೇಲೆ

ತೀರ್ಥಹಳ್ಳಿಯಲ್ಲಿ ಮನೆಪಾಠಕ್ಕೆ ನನ್ನಲ್ಲಿಗೆ ಬರುವವರಲ್ಲಿ ಒಂಬತ್ತನೇ ತರಗತಿಯವರೂ ಇದ್ದಾರೆ, ಪ್ರಥಮ ಪಿಯುಸಿಯವರೂ ಇದ್ದಾರೆ. ಚಲನೆಯ ಲೆಕ್ಕ ಕೊಟ್ಟ ಕೂಡಲೇ "ಎಸ್ ಈಕ್ವಲ್ ಟು ಯು ಟಿ ಪ್ಲಸ್ ಹಾಫ್ ಎ ಟಿ ಸ್ಕ್ವೇರ್" ಎಂದು ಒಂದೇ ಉಸಿರಿಗೆ ಹೇಳಿ, ಪ್ರಶ್ನೆಯಲ್ಲಿ ಕಂಡ ಅಂಕಿಗಳನ್ನು ಕಂಡ ಹಾಗೇ ತುಂಬಿಬಿಡುತ್ತಾರೆ. ಸೂತ್ರ ಸರಿ, ಗುಣಾಕಾರ ಸರಿ, ಉತ್ತರ ಮಾತ್ರ ತಪ್ಪು. ಹತ್ತರಲ್ಲಿ ಎಂಟು ಮಕ್ಕಳು ಎಡವುವುದು ಒಂದೇ ಕಡೆ: ಪ್ಲಸ್ಸು–ಮೈನಸ್ಸಿನಲ್ಲಿ.

ಮೊದಲು ಏಕಮಾನ. ಗಂಟೆಗೆ ಕಿ.ಮೀ. ಕೊಟ್ಟಿದ್ದರೆ 5/18ರಿಂದ ಗುಣಿಸಿ ಸೆಕೆಂಡಿಗೆ ಮೀಟರ್ ಮಾಡಿಕೊಳ್ಳಿ. 36 ಎಂದರೆ 10, 72 ಎಂದರೆ 20.

ಆಮೇಲೆ ಐದು ರಾಶಿಗಳನ್ನು ಒಂದರ ಕೆಳಗೊಂದು ಬರೆಯಿರಿ: ಆರಂಭಿಕ ವೇಗ (ಯು), ಅಂತಿಮ ವೇಗ (ವಿ), ವೇಗೋತ್ಕರ್ಷ (ಎ), ಸ್ಥಾನಪಲ್ಲಟ (ಎಸ್), ಕಾಲ (ಟಿ). "ನಿಶ್ಚಲ ಸ್ಥಿತಿಯಿಂದ ಹೊರಟಿತು" ಎಂದಿದ್ದರೆ ಯು ಸೊನ್ನೆ, "ನಿಂತಿತು" ಎಂದಿದ್ದರೆ ವಿ ಸೊನ್ನೆ. "ಕೈಬಿಟ್ಟ" ಎಂದಾಗ ಮಾತ್ರ ಎಚ್ಚರ. ಮೇಲೇರುತ್ತಿರುವ ಬಲೂನಿನಿಂದ ಕಲ್ಲು ಕೈಬಿಟ್ಟರೆ, ಬಿಟ್ಟ ಕ್ಷಣ ಕಲ್ಲಿಗೂ ಬಲೂನಿನ ವೇಗವೇ ಇರುತ್ತದೆ.

ಇನ್ನು ದಿಕ್ಕು. ಇಲ್ಲಿ ಆತುರ ಬೇಡ. ಒಂದು ಲೆಕ್ಕ ನೋಡಿ: 15 ಮೀಟರ್ ಎತ್ತರದ ಅಡಿಕೆ ಮರದ ತುದಿಯಲ್ಲಿರುವ ಕೊನೆಗಾರ (ಅಡಿಕೆ ಗೊನೆ ಕೊಯ್ಯುವವ) ಒಂದು ಅಡಿಕೆಯನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆಯುತ್ತಾನೆ. ಅದು ನೆಲ ಮುಟ್ಟಲು ಎಷ್ಟು ಹೊತ್ತು? ಗುರುತ್ವ ವೇಗೋತ್ಕರ್ಷ 10 ಎಂದಿಟ್ಟುಕೊಳ್ಳಿ.

ಮರದ ಚಿತ್ರ ಬರೆದು, ಪಕ್ಕದಲ್ಲಿ ಮೇಲ್ಮುಖವಾಗಿ ಒಂದು ಬಾಣ ಎಳೆದು, ತುದಿಯಲ್ಲಿ ಪ್ಲಸ್ ಹಾಕಿ. ಲೆಕ್ಕ ಮುಗಿಯುವವರೆಗೆ ಆ ಬಾಣವನ್ನು ಬದಲಿಸಕೂಡದು. ಈಗ ಒಂದೊಂದನ್ನೇ ಬಾಣದೊಂದಿಗೆ ಹೋಲಿಸಿ. ಎಸೆದ ವೇಗ ಮೇಲಕ್ಕೆ, ಹಾಗಾಗಿ +10. ಗುರುತ್ವ ಎಳೆಯುವುದು ಕೆಳಕ್ಕೆ. ಅಡಿಕೆ ಮೇಲೇರುವಾಗಲೂ, ತುತ್ತತುದಿಯಲ್ಲಿ ಕ್ಷಣ ನಿಂತಾಗಲೂ, ಇಳಿಯುವಾಗಲೂ ಅದು −10. ಸ್ಥಾನಪಲ್ಲಟ ಎಂದರೆ ಅಡಿಕೆ ತಿರುಗಿದ ದಾರಿಯಲ್ಲ, ಹೊರಟ ಜಾಗದಿಂದ ಮುಟ್ಟಿದ ಜಾಗಕ್ಕೆ ಇರುವ ಅಂತರ. ನೆಲ ಇರುವುದು ಕೈಯಿಂದ 15 ಮೀಟರ್ ಕೆಳಗೆ, ಹಾಗಾಗಿ −15.

ಸೂತ್ರಕ್ಕೆ ಹಾಕಿದರೆ −15 = 10ಟಿ − 5ಟಿ². ಐದರಿಂದ ಭಾಗಿಸಿದರೆ ಟಿ² − 2ಟಿ − 3 = 0. ಬೆಲೆಗಳು 3 ಮತ್ತು −1. ಉತ್ತರ 3 ಸೆಕೆಂಡು.

ಎತ್ತರವೆಂದು +15 ಹಾಕಿದವರಿಗೆ ವರ್ಗಮೂಲದೊಳಗೆ −8 ಬಂದು ಲೆಕ್ಕ ಅಲ್ಲೇ ನಿಲ್ಲುತ್ತದೆ. ಅವರಿಗೆ ತಪ್ಪಿದ್ದಾದರೂ ಗೊತ್ತಾಗುತ್ತದೆ. ಎಲ್ಲದಕ್ಕೂ ಪ್ಲಸ್ ಹಾಕಿದವರ ಪಾಡು ಕಷ್ಟ. 15 = 10ಟಿ + 5ಟಿ² ಬಿಡಿಸಿದರೆ 1 ಸೆಕೆಂಡು ಎಂದು ಚೊಕ್ಕ ಉತ್ತರ ಬರುತ್ತದೆ. ಅದು ಅಡಿಕೆಯನ್ನು ಕೆಳಕ್ಕೆ ಎಸೆದಿದ್ದರೆ ಬರುವ ಉತ್ತರ! ಲೆಕ್ಕ ಬೇರೆಯೇ ಆಗಿಹೋದದ್ದು ಮಗುವಿಗೆ ಗೊತ್ತೇ ಆಗುವುದಿಲ್ಲ.

ಬಿಟ್ಟ −1ಕ್ಕೂ ಅರ್ಥವಿದೆ. ಕೊನೆಗಾರ ಎಸೆಯುವ ಒಂದು ಸೆಕೆಂಡು ಮೊದಲು ನೆಲದಿಂದ 20ರ ವೇಗದಲ್ಲಿ ಹೊರಟ ಅಡಿಕೆಯೂ ಸರಿಯಾಗಿ ಆ ಕ್ಷಣಕ್ಕೆ ಅವನ ಕೈಯ ಎತ್ತರವನ್ನು 10ರ ವೇಗದಲ್ಲಿ ದಾಟುತ್ತದೆ. ಇದನ್ನು ಮಕ್ಕಳಿಗೆ ತಪ್ಪದೆ ತೋರಿಸಿ, ಅವರ ಮುಖ ಅರಳುತ್ತದೆ.

"ಮೇಲೆ ಹೋಗುವಾಗ ಮೈನಸ್, ಬೀಳುವಾಗ ಪ್ಲಸ್" ಎಂದು ಎರಡು ಪಟ್ಟಿ ಮಾಡಿ ಆರು ಸೂತ್ರ ಕೊಡುವ ಗೈಡುಗಳು ಸಿಗುತ್ತವೆ. ಕೊಳ್ಳಬೇಡಿ. ಈ ಅಡಿಕೆ ಮೇಲೂ ಹೋಗುತ್ತದೆ, ಕೆಳಗೂ ಬರುತ್ತದೆ. ಯಾವ ಪಟ್ಟಿ ನೋಡುತ್ತೀರಿ?

ಚಲನೆಯ ಸಮೀಕರಣಗಳು ಹಲವು, ಒಂದೊಂದರಲ್ಲೂ ಈ ಐದು ರಾಶಿಗಳಲ್ಲಿ ಒಂದು ಇರುವುದಿಲ್ಲ. ಆಯ್ಕೆ ಸುಲಭ: ಐದರಲ್ಲಿ ಕೊಡದೆಯೂ ಕೇಳದೆಯೂ ಉಳಿದ ರಾಶಿ ಯಾವುದೋ, ಅದಿಲ್ಲದ ಸಮೀಕರಣ ತೆಗೆದುಕೊಳ್ಳಿ.

ವೇಗೋತ್ಕರ್ಷ ನಡುವೆ ಬದಲಾದರೆ ಲೆಕ್ಕವನ್ನು ತುಂಡು ಮಾಡಬೇಕು. ಆಗುಂಬೆ ಘಾಟಿಯಲ್ಲಿ 36 ಕಿ.ಮೀ. ವೇಗದ ಮಿನಿ ಬಸ್ಸಿಗೆ ದನ ಅಡ್ಡ ಬಂತು ಎನ್ನಿ. ಚಾಲಕ ಬ್ರೇಕ್ ತುಳಿಯುವಷ್ಟರಲ್ಲಿ 1 ಸೆಕೆಂಡು ಹೋಯಿತು: 10 ಮೀಟರ್. ಆಮೇಲೆ ವೇಗೋತ್ಕರ್ಷ −4 ಆದರೆ ನಿಲ್ಲಲು ಇನ್ನೂ 12.5 ಮೀಟರ್. ಒಟ್ಟು 22.5. ಎರಡನ್ನೂ ಒಂದೇ ಸೂತ್ರಕ್ಕೆ ತುರುಕಿದರೆ ಸರಿ ಉತ್ತರ ಬಾರದು.

ವೇಗೋತ್ಕರ್ಷ ಕ್ಷಣಕ್ಷಣಕ್ಕೂ ಬದಲಾಗುವ ಕಡೆಯಂತೂ ಈ ಸಮೀಕರಣಗಳನ್ನು ಮುಟ್ಟಲೇಬಾರದು. ಜೋಗದ ಎತ್ತರ 253 ಮೀಟರ್. ಗಾಳಿಯ ತಡೆ ಇಲ್ಲವೆಂದುಕೊಂಡರೆ ನೀರು ಸುಮಾರು 7.2 ಸೆಕೆಂಡಿನಲ್ಲಿ, ಗಂಟೆಗೆ 250 ಕಿ.ಮೀ.ಗೂ ಮೀರಿದ ವೇಗದಲ್ಲಿ ಕೆಳಗೆ ಬಂದು ಅಪ್ಪಳಿಸಬೇಕು. ಮಳೆಗಾಲದಲ್ಲಿ ಹೋದಾಗ ಗಮನಿಸಿ: ಅರ್ಧ ದಾರಿಗೇ ನೀರು ಹನಿಹನಿಯಾಗಿ ಒಡೆದು, ಗಾಳಿಗೆ ಸಿಕ್ಕಿ, ಹೊಗೆಯಂತೆ ಮೆಲ್ಲಗೆ ಇಳಿಯುತ್ತಿರುತ್ತದೆ.