ಕಾದಂಬರಿ ಓದಿ ಪದ ಕಲಿಯುವುದು ಹೇಗೆ? ಮೊದಲು ಬೇರು ಹಿಡಿಯಿರಿ

ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಕೆಲಸಕ್ಕೆ ಸೇರಿದ ಮೇಲೆ ಕನ್ನಡ ಕಾದಂಬರಿ ಕೈಗೆತ್ತಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರ ಪುಸ್ತಕ ಹದಿನೈದನೇ ಪುಟಕ್ಕೇ ಕಪಾಟು ಸೇರುತ್ತದೆ. ಗೊತ್ತಿಲ್ಲದ ಪದ ಬಂದಾಗಲೆಲ್ಲ ಓದು ನಿಲ್ಲಿಸಿ ಮೊಬೈಲ್ ತೆಗೆಯುತ್ತಾರೆ, ಪುಟದಲ್ಲಿ ಇದ್ದ ಹಾಗೇ ಪದವನ್ನು ಟೈಪ್ ಮಾಡುತ್ತಾರೆ, ಅದು ಸಿಗುವುದಿಲ್ಲ. ನಿಘಂಟು ಸರಿಯಿಲ್ಲ, ಭಾಷೆ ಕಷ್ಟ ಎಂದು ಕೈಚೆಲ್ಲುತ್ತಾರೆ. ಹೆಚ್ಚಿನ ಸಲ ಪದ ನಿಘಂಟಿನಲ್ಲಿ ಇದ್ದೇ ಇರುತ್ತದೆ, ಹುಡುಕಿದ ರೂಪದಲ್ಲಿ ಮಾತ್ರ ಇರುವುದಿಲ್ಲ.

1. ಪುಸ್ತಕ ಆರಿಸಿ

ಮೊದಲ ಸಲಕ್ಕೆ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಹಿಡಿಯಿರಿ. ಚಿಕ್ಕದು, ಕಥೆ ನೇರ. ಸ್ವಂತಕ್ಕೊಂದು ತುಂಡು ಭೂಮಿ ಉಳಬೇಕೆಂಬ ಚೋಮನ ಹಂಬಲದ ಸುತ್ತಲೇ ನಡೆಯುವುದರಿಂದ ಬೇಸಾಯದ ಪದಗಳು ಮತ್ತೆ ಮತ್ತೆ ಬರುತ್ತವೆ. ಹಾಗೆ ಮರಳಿ ಬರುವ ಪದವೇ ತಲೆಯಲ್ಲಿ ನಿಲ್ಲುವುದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ದೊಡ್ಡ ಕಾದಂಬರಿ. ಅದನ್ನು ಮೊದಲಿಗೇ ಹಿಡಿಯಬೇಡಿ.

ಬೇರೆ ಪುಸ್ತಕವಾದರೆ ನಡುವಿನ ಒಂದು ಪುಟ ತೆರೆದು ಗೊತ್ತಿಲ್ಲದ ಪದ ಎಣಿಸಿ. ಐದರಿಂದ ಎಂಟು ಇದ್ದರೆ ಹದ. ಹನ್ನೆರಡು ದಾಟಿದರೆ ಆ ಪುಸ್ತಕ ಆರು ತಿಂಗಳು ಕಾಯಲಿ.

ಅಚ್ಚಾದ ಪುಸ್ತಕವನ್ನೇ ಕೊಳ್ಳಿ. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಲ್ಲಿ ಒತ್ತಕ್ಷರ ಮಸುಕಾಗಿ ‘ಕಟ್ಟು’ ಎಂಬುದು ‘ಕಟು’ ಎಂದು ಕಾಣಿಸುತ್ತದೆ, ಪುಟದಲ್ಲಿ ಇಲ್ಲದ ಪದವನ್ನು ಅರ್ಧ ಗಂಟೆ ಹುಡುಕುತ್ತೀರಿ. ಪರೀಕ್ಷೆಗೆಂದು ಮಾರುವ ಸಾರಾಂಶದ ಗೈಡುಗಳಂತೂ ಬೇಡವೇ ಬೇಡ. ಕಲಿಯಬೇಕಾದ ಪದಗಳನ್ನೇ ತೆಗೆದುಹಾಕಿ ಬರೆದ ಪುಸ್ತಕಗಳು ಅವು.

2. ನಿಘಂಟು ಮುಚ್ಚಿಟ್ಟು ಓದಿ

ದಿನಕ್ಕೆ ಐದಾರು ಪುಟ. ಗೊತ್ತಿಲ್ಲದ ಪದದ ಪಕ್ಕ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟು ಮುಂದೆ ಹೋಗಿ.

3. ಪದ ಆಯ್ದುಕೊಳ್ಳಿ

ಓದು ಮುಗಿದ ಮೇಲೆ ಚುಕ್ಕಿಗಳನ್ನು ನೋಡುತ್ತ ಬನ್ನಿ. ಎರಡು ಸಲ ಬಂದ ಪದ, ಇಲ್ಲವೇ ಅದು ತಿಳಿಯದೆ ವಾಕ್ಯವೇ ಬಿಗಿದುಕೊಂಡ ಪದ, ಇಂಥ ನಾಲ್ಕನ್ನು ಮಾತ್ರ ತೆಗೆದುಕೊಳ್ಳಿ. ಇಪ್ಪತ್ತು ಆರಿಸಿದವರಿಗೆ ವಾರದ ಕೊನೆಗೆ ಇಪ್ಪತ್ತೂ ಮರೆತಿರುತ್ತವೆ. ಪ್ರತಿ ಪದದ ಮೇಲೆ ನಿಮ್ಮ ಊಹೆಯನ್ನು ಬರೆಯಿರಿ. ಊಹೆ ತಪ್ಪಾಗಿದ್ದರೆ ಇನ್ನೂ ಒಳ್ಳೆಯದು, ತಿದ್ದಿಕೊಂಡ ಪದ ಬೇಗ ಮರೆಯುವುದಿಲ್ಲ.

4. ಬೇರು ಹಿಡಿಯಿರಿ

ಬಹುತೇಕ ಎಲ್ಲರೂ ಎಡವುವುದು ಇಲ್ಲಿ. ಕನ್ನಡದ ಪದ ಪ್ರತ್ಯಯದ (ಪದದ ಕೊನೆಗೆ ಅಂಟುವ ತುಣುಕಿನ) ಮೇಲೆ ಪ್ರತ್ಯಯ ಹೊತ್ತು ಬರುತ್ತದೆ. ಈರುಳ್ಳಿ ಸುಲಿದಂತೆ ಕೊನೆಯಿಂದ ಒಂದೊಂದೇ ಪದರ ತೆಗೆಯಬೇಕು.

‘ಉಳುತ್ತಿದ್ದವನನ್ನೇ’ ಎಂಬ ಪದ ತೆಗೆದುಕೊಳ್ಳೋಣ. ಕೊನೆಯ ‘ಏ’ ಒತ್ತಿ ಹೇಳಲು ಬಂದದ್ದು, ತೆಗೆಯಿರಿ. ‘ಅನ್ನು’ ವಿಭಕ್ತಿ ಪ್ರತ್ಯಯ, ಅಂದರೆ ವಾಕ್ಯದಲ್ಲಿ ನಾಮಪದದ ಸಂಬಂಧ ತೋರಿಸುವ ತುಣುಕು, ಅದೂ ಹೋಗಲಿ. ಉಳಿದ ‘ಉಳುತ್ತಿದ್ದವನು’ ಎಂಬುದರಿಂದ ‘ಅವನು’ ಬಿಡಿಸಿದರೆ ‘ಉಳುತ್ತಿದ್ದ’. ಅದರೊಳಗಿನ ‘ಇದ್ದ’ ಸಹಾಯಕ ಕ್ರಿಯಾಪದ, ‘ಉತ್ತ’ ವರ್ತಮಾನದ ಗುರುತು. ಕೊನೆಗೆ ಕೈಯಲ್ಲಿ ಉಳಿಯುವುದು ‘ಉಳು’. ನಿಘಂಟಿನಲ್ಲಿ ಇರುವುದು ಇದೇ.

ನಾಮಪದದಲ್ಲಿ ವಿಭಕ್ತಿಯೇ ದಾರಿ ತೋರಿಸುತ್ತದೆ. ‘ಬೆಟ್ಟಿನಲ್ಲಿ’ ಎಂದು ಕಂಡ ಕೂಡಲೇ ಬಯಲುಸೀಮೆಯ ಓದುಗರು ‘ಬೆಟ್ಟ’ ಎಂದುಕೊಂಡು ಗುಡ್ಡ ಹತ್ತಿಬಿಡುತ್ತಾರೆ. ಬೆಟ್ಟವಾಗಿದ್ದರೆ ‘ಬೆಟ್ಟದಲ್ಲಿ’ ಎಂದಾಗಬೇಕಿತ್ತು. ‘ಇನಲ್ಲಿ’ ಬಂದಿದೆ ಎಂದರೆ ಮೂಲ ಪದದ ಕೊನೆಗೆ ‘ಉ’ ಇದೆ, ಅಂದರೆ ಅದು ‘ಬೆಟ್ಟು’. ದಕ್ಷಿಣ ಕನ್ನಡದಲ್ಲಿ ಗದ್ದೆಗಳಿಗೆ ಬೈಲು, ಮಜಲು, ಬೆಟ್ಟು ಎಂದು ಮೂರು ದರ್ಜೆ. ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ನಡುವಿನದು ಮಜಲು, ಎತ್ತರದಲ್ಲಿದ್ದು ಮಳೆಯನ್ನೇ ನಂಬಿದ್ದು ಬೆಟ್ಟು. ಉಡುಪಿಯ ಕುಂಜಿಬೆಟ್ಟು ಎಂಬ ಹೆಸರಿನ ಕೊನೆಯಲ್ಲೂ ಈ ಪದ ಇದೆ. ಒಂದು ಸ್ವರ ತಪ್ಪಿದರೆ ಗದ್ದೆ ಹೋಗಿ ಗುಡ್ಡ ಬರುತ್ತದೆ.

ಗುರುತು ಇಷ್ಟೇ: ‘ದ’ ಬಂದರೆ ಪದ ‘ಅ’ಕಾರಾಂತ, ಅಂದರೆ ‘ಅ’ದಲ್ಲಿ ಕೊನೆಯಾಗುವುದು (ಮರದ – ಮರ), ‘ಇನ’ ಬಂದರೆ ‘ಉ’ಕಾರಾಂತ (ಊರಿನ – ಊರು), ‘ಯ’ ಬಂದರೆ ‘ಇ’ ಅಥವಾ ‘ಎ’ (ಗಿಳಿಯ – ಗಿಳಿ, ಮನೆಯ – ಮನೆ). ‘ಹಸುವಿನ’, ‘ಕರುವಿನ’ ಎಂಬಲ್ಲಿ ‘ವ’ ನಡುವೆ ಸೇರಿಕೊಂಡದ್ದು, ಅದನ್ನು ಬಿಟ್ಟು ‘ಹಸು’, ‘ಕರು’ ಎಂದು ನೋಡಿ.

ಇನ್ನು ಭೂತಕಾಲ. ನಿಘಂಟು ತೆರೆದು ಸೋಲುವುದು ಹೆಚ್ಚಾಗಿ ಇದರಿಂದಲೇ. ‘ಹೊಕ್ಕ’ ಎಂದು ಹುಡುಕಿದರೆ ಸಿಗದಿರಬಹುದು, ‘ಹೊಗು’ ಎಂದು ನೋಡಬೇಕು. ಇವು ಗುಂಪು ಗುಂಪಾಗಿ ಬದಲಾಗುತ್ತವೆ, ಹಾಗಾಗಿ ಗುಂಪಿನ ಸಮೇತ ಕಲಿಯಿರಿ. ‘ಕ್ಕ’ ಇದ್ದರೆ ಮೂಲದಲ್ಲಿ ‘ಗು’ ಇರಬಹುದು: ನಕ್ಕ–ನಗು, ಮಿಕ್ಕ–ಮಿಗು. ‘ಟ್ಟ’ ಇದ್ದರೆ ‘ಡು’: ನೆಟ್ಟ–ನೆಡು, ಉಟ್ಟ–ಉಡು, ತೊಟ್ಟ–ತೊಡು. ‘ತ್ತ’ ಇದ್ದರೆ ‘ರು’: ಹೊತ್ತ–ಹೊರು, ಹೆತ್ತ–ಹೆರು. ‘ಂದ’ ಇದ್ದು ಹಿಂದಿನ ಸ್ವರ ಗಿಡ್ಡವಾಗಿದ್ದರೆ ಅದನ್ನು ಉದ್ದ ಮಾಡಿ ‘ಯು’ ಸೇರಿಸಿ ನೋಡಿ: ಬೆಂದ–ಬೇಯು, ನೊಂದ–ನೋಯು, ಮಿಂದ–ಮೀಯು. ‘ದ್ದ’ ಇದ್ದರೆ ಹಾಗೇ ಉದ್ದ ಮಾಡಿ ‘ಳು’: ಬಿದ್ದ–ಬೀಳು, ಎದ್ದ–ಏಳು. ಗುಂಪಿಗೆ ಸೇರದವೂ ಇವೆ. ‘ಕೊಂದ’ ಎಂಬುದರ ಮೂಲ ‘ಕೊಲ್ಲು’, ‘ತಂದ’ ಎಂಬುದರದ್ದು ‘ತರು’. ಆಗಲೇ ಕಂಡ ‘ಉಳು’ ಕೂಡ ಭೂತಕಾಲದಲ್ಲಿ ‘ಉತ್ತ’ ಆಗುತ್ತದೆ. ‘ಉತ್ತು ಬಿತ್ತಿ’ ಎಂಬಲ್ಲಿ ಇರುವುದು ಅದೇ. ‘ವರವಿತ್ತ’ ಎಂಬಲ್ಲಿಯ ‘ಇತ್ತ’ ಬಂದದ್ದು ‘ಈ’ ಎಂಬ ಧಾತುವಿನಿಂದ (ಕ್ರಿಯಾಪದದ ಮೂಲ ರೂಪದಿಂದ), ಅರ್ಥ ಕೊಟ್ಟ ಎಂದು. ‘ಈ ಕಡೆ’ ಎನ್ನುವ ‘ಇತ್ತ’ ಬೇರೆ, ‘ಇರು’ವಿನಿಂದ ಬಂದ ‘ಇತ್ತು’ ಬೇರೆ.

ಎರಡು ಪದ ಕೂಡಿ ಒಂದಾಗಿದ್ದರೆ ಎರಡನೆಯದರ ಮೊದಲ ಅಕ್ಷರವನ್ನು ಅನುಮಾನಿಸಿ. ಗ, ದ, ಬ ಇದ್ದಲ್ಲಿ ಕ, ತ, ಪ ಇಟ್ಟು ನೋಡಿ. ಮಳೆಗಾಲದಲ್ಲಿ ಇರುವುದು ಕಾಲ, ಹುಲ್ಲುಗಾವಲಿನಲ್ಲಿ ಇರುವುದು ಕಾವಲು. ಕಂಬನಿಯನ್ನು ಬಿಡಿಸಿದರೆ ಕಣ್ ಮತ್ತು ಪನಿ. ಹಳೆಯ ‘ಪ’ ಹೊಸಗನ್ನಡದಲ್ಲಿ ‘ಹ’ ಆಗಿರುವುದರಿಂದ ಆ ಪನಿಯೇ ನಮ್ಮ ಹನಿ. ಹಳೆಯ ನಿಘಂಟುಗಳಲ್ಲಿ ‘ಹ’ದಲ್ಲಿ ಸಿಗದ ಅಚ್ಚಗನ್ನಡ ಪದವನ್ನು ‘ಪ’ದಲ್ಲಿ ಹುಡುಕಬೇಕು.

ಕೈಕೊಡು, ಕೈಬಿಡು, ಕೈಹಿಡಿ ಇಂಥವನ್ನು ಒಡೆಯಬೇಡಿ. ಒಡೆದರೆ ಅರ್ಥ ಚೆಲ್ಲಿಹೋಗುತ್ತದೆ. ಇವನ್ನು ‘ಕೈ’ಯಿಂದ ಶುರುವಾಗುವ ಇಡೀ ಪದವಾಗಿಯೇ ನೋಡಿ.

5. ನಿಘಂಟು ತೆರೆಯಿರಿ

ಮೊಬೈಲಿನಲ್ಲಿ ನೋಡಲು ವಿ. ಕೃಷ್ಣ ಅವರ ‘ಅಲರ್’ ಸಾಕು, ಅದು ಕನ್ನಡ–ಇಂಗ್ಲಿಷ್. ಮನೆಯಲ್ಲಿ ಮಾತ್ರ ಒಂದು ಕನ್ನಡ–ಕನ್ನಡ ನಿಘಂಟು ಇರಲೇಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು ಒಳ್ಳೆಯದು. ಪರಿಷತ್ತಿನ 8 ಸಂಪುಟಗಳ ದೊಡ್ಡ ನಿಘಂಟು, 1894ರಲ್ಲಿ ಬಂದ ಕಿಟ್ಟೆಲ್ ನಿಘಂಟು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಕಾರಂತರ ಕರಾವಳಿಯ ಪದ ಎಲ್ಲೂ ಸಿಗದಿದ್ದರೆ ಅದು ತುಳುವಾಗಿರಬಹುದು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ 6 ಸಂಪುಟಗಳ ತುಳು ನಿಘಂಟು ನೋಡಿ. ಅನುವಾದದ ಆ್ಯಪ್‌ಗಳನ್ನು ಈ ಕೆಲಸಕ್ಕೆ ಬಳಸಬೇಡಿ. ಅವು ಒಂದೇ ಅರ್ಥ ಕೊಟ್ಟು ಸುಮ್ಮನಾಗುತ್ತವೆ, ಪದಕ್ಕೆ ಇನ್ನೊಂದು ಮುಖ ಇದೆ ಎಂದು ತಿಳಿಯುವುದೇ ಇಲ್ಲ.

‘ದುಡಿ’ಯನ್ನೇ ನೋಡಿ. ನಿಘಂಟಿನಲ್ಲಿ ಅದಕ್ಕೆ ಎರಡು ನಮೂದು ಇರುತ್ತವೆ: ಒಂದು ಚರ್ಮವಾದ್ಯ, ಇನ್ನೊಂದು ಮೈಮುರಿದು ಕೆಲಸ ಮಾಡು ಎಂಬ ಕ್ರಿಯಾಪದ. ಶೀರ್ಷಿಕೆಯಲ್ಲಿ ಇರುವುದು ವಾದ್ಯವೇ. ಆದರೆ ಜೀವಮಾನವಿಡೀ ದುಡಿದ ಚೋಮನ ಕಥೆಯಲ್ಲಿ ಎರಡನೆಯ ಅರ್ಥವೂ ಕಿವಿಗೆ ಬೀಳುತ್ತದೆ. ಮೊದಲ ಸಾಲು ಓದಿ ನಿಘಂಟು ಮುಚ್ಚಿದವರಿಗೆ ಇದು ಸಿಗುವುದಿಲ್ಲ.

ಅಕಾರಾದಿಯಲ್ಲಿ, ಅಂದರೆ ನಿಘಂಟಿನ ಅಕ್ಷರಕ್ರಮದಲ್ಲಿ, ಎಡವದಿರಲು ಒಂದು ಮಾತು: ‘ಕ್ಷ’ ಇರುವುದು ‘ಕ’ದ ಕೊನೆಯಲ್ಲಿ, ‘ಜ್ಞ’ ಇರುವುದು ‘ಜ’ದಲ್ಲಿ.

6. ಕಾರ್ಡ್ ಬರೆಯಿರಿ

ಅಂಗೈಯಗಲದ ರಟ್ಟಿನ ಕಾರ್ಡ್ ಇರಲಿ, ನೋಟ್‌ಬುಕ್ ಬೇಡ. ನೋಟ್‌ಬುಕ್ಕಿನಲ್ಲಿ ಪದದ ಅರ್ಥಕ್ಕಿಂತ ಪುಟದಲ್ಲಿ ಅದು ಇದ್ದ ಜಾಗವೇ ನೆನಪಿರುತ್ತದೆ. ಒಂದು ಬದಿಗೆ ಪದ ಮತ್ತು ಕಾದಂಬರಿಯ ವಾಕ್ಯ, ಇನ್ನೊಂದು ಬದಿಗೆ ಅರ್ಥ, ನೆಂಟ ಪದಗಳು, ನಿಮ್ಮದೇ ಒಂದು ವಾಕ್ಯ.

ನೆಂಟ ಪದಗಳ ಸಾಲನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ, ಕಾರ್ಡಿನ ಜೀವ ಇರುವುದೇ ಅಲ್ಲಿ. ‘ಒಕ್ಕಲು’ ಎಂದರೆ ಗೇಣಿಗೆ (ಗುತ್ತಿಗೆಗೆ) ಭೂಮಿ ಮಾಡುವವನು. ಅದರ ಕೆಳಗೆ ಒಕ್ಕಲುತನ ಎಂದರೆ ಬೇಸಾಯ, ಒಕ್ಕಲೆಬ್ಬಿಸು ಎಂದರೆ ನೆಲೆಯಿಂದ ಹೊರಹಾಕು ಎಂದು ಬರೆಯಿರಿ. ಕೊನೆಯದು ಇಂದಿನ ಪತ್ರಿಕೆಯಲ್ಲೇ ಸಿಗುತ್ತದೆ. ‘ಒಕ್ಕಣೆ’ಯನ್ನು ಮಾತ್ರ ಬೇರೆ ಕಾರ್ಡಿಗೆ ಹಾಕಿ: ತೆನೆಯಿಂದ ಕಾಳು ಬಿಡಿಸುವುದೂ ಒಕ್ಕಣೆ, ಕಾಗದದ ಬರವಣಿಗೆಯ ಧಾಟಿಯೂ ಒಕ್ಕಣೆ.

7. ಮತ್ತೆ ನೋಡಿ

ಮರುದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ. ಪದ ನೋಡಿ ವಾಕ್ಯ ನೆನಪಾಗಬೇಕು. ಬರೀ ಅರ್ಥ ನೆನಪಾದರೆ ಆ ಕಾರ್ಡ್ ಮತ್ತೆ ಮೊದಲ ದಿನಕ್ಕೆ ಹೋಗಲಿ.

8. ಎರಡನೇ ಪುಸ್ತಕ

ಅದೂ ಕಾರಂತರದ್ದೇ ಆಗಿರಲಿ, ‘ಮರಳಿ ಮಣ್ಣಿಗೆ’ ಆಗಬಹುದು. ಕರಾವಳಿಯ ಬದುಕೇ ಅಲ್ಲೂ ಇರುವುದರಿಂದ ಕಲಿತ ಹಲವು ಪದ ಎದುರಾಗಿ, ಚುಕ್ಕಿಗಳು ತಾವಾಗಿಯೇ ಕಡಿಮೆಯಾಗುತ್ತವೆ. ಅದು ಮುಗಿದ ಮೇಲೆ ‘ಮಲೆಗಳಲ್ಲಿ ಮದುಮಗಳು’ ತೆರೆಯಿರಿ. ಮಲೆನಾಡಿನ ಆ ಕಾಡಿನ, ಕಂಬಳಿಕೊಪ್ಪೆಯ, ಕೋವಿ–ಬೇಟೆಯ ಪದಗಳಿಗೆ ಬೇರೆ ಬಣ್ಣದ ಕಾರ್ಡ್ ಕೊಳ್ಳಿ. ಸೀಮೆ ಬದಲಾದಂತೆ ಒಂದೇ ಪದದ ಅರ್ಥವೂ ಬದಲಾಗುವುದರಿಂದ ಎರಡು ಕಟ್ಟುಗಳನ್ನು ಬೆರೆಸಬೇಡಿ.