ತೆಫಳ ಅರೆಯಬಾರದು ಮಾಸ್ತರೇ

ನಾನು ಬ್ಯಾಡಗಿ ಕಡೆಯವನು. ನಮ್ಮ ಮನೆಗೆ ಮೀನು ಬಂದರೆ ವರದಾ ಹೊಳೆಯದ್ದು, ಅದೂ ವರ್ಷಕ್ಕೆ ನಾಲ್ಕೈದು ಸಲ. ಕಾರವಾರದ ಶಾಲೆಗೆ ವರ್ಗವಾಗಿ ಕೋಡಿಬಾಗದಲ್ಲಿ ಬಾಡಿಗೆ ಮನೆ ಹಿಡಿದ ಮೇಲೆ ಮೊದಲ ಎಂಟು ತಿಂಗಳು ಖಾನಾವಳಿಯಲ್ಲೇ ಉಂಡೆ. ಅನ್ನ, ಮೀನು ಸಾರು, ರವೆ ಹಚ್ಚಿ ಕಾಯಿಸಿದ ಒಂದು ತುಂಡು, ಒಣ ಸಿಗಡಿ ಚಟ್ನಿ, ಕೊನೆಗೆ ಒಂದು ಲೋಟ ಸೋಲಕಡಿ. ಇಷ್ಟು ಉಂಡು ಕಾರವಾರದ ಅಡುಗೆ ಗೊತ್ತಾಯಿತು ಅಂದುಕೊಂಡಿದ್ದೆ.

ಒಂದು ಮಾತ್ರ ಆಗಲೇ ಕಲಿತಿದ್ದೆ. ಹೊಸ ಖಾನಾವಳಿಗೆ ಹೋದರೆ ಮೊದಲು ಸೋಲಕಡಿಯನ್ನೇ ಕೇಳುವುದು. ಆಗಷ್ಟೇ ಹಿಂಡಿದ ಕಾಯಿಹಾಲಿಗೆ ನೆನೆಸಿದ ಸೋಲದ (ಒಣಗಿಸಿದ ಮುರುಗಲು ಸಿಪ್ಪೆ) ರಸ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು ಬಿದ್ದಿದ್ದರೆ ತಿಳಿಗುಲಾಬಿ ಬಣ್ಣ, ನಾಲಗೆಗೆ ಸಣ್ಣಗೆ ಜಿಡ್ಡು. ನೀರುನೀರಾಗಿ ಕಣ್ಣಿಗೆ ಹೊಡೆಯುವ ಬಣ್ಣವಿದ್ದರೆ ಅಲ್ಲಿ ಮೀನನ್ನೂ ನಾನು ನಂಬುವುದಿಲ್ಲ. ಈ ಲೆಕ್ಕ ಇಲ್ಲಿಯವರೆಗೆ ತಪ್ಪಿಲ್ಲ.

ಮನೆಯಲ್ಲಿ ಒಲೆ ಹಚ್ಚುವಂತೆ ಮಾಡಿದ್ದು ಒಂದು ಸ್ಟೀಲ್ ಡಬ್ಬಿ. ಒಂದು ಭಾನುವಾರ ಪಕ್ಕದ ಮನೆಯ ಬಾಯಿ (ಇಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವುದೇ ಹಾಗೆ) ಬಾಂಗಡೆ ಸಾರು ಕಳಿಸಿದರು. ಖಾಲಿ ಡಬ್ಬಿ ವಾಪಸು ಕೊಡುವ ರೂಢಿ ನಮ್ಮಲ್ಲೂ ಇಲ್ಲ. ಅವ್ವ ಕಳಿಸಿದ್ದ ಶೇಂಗಾ ಚಟ್ನಿಪುಡಿ ತುಂಬಿ, ಮೇಲೆ ನಾಲ್ಕು ಕಟಿ ರೊಟ್ಟಿ ಇಟ್ಟು ಕೊಟ್ಟೆ. ಮುಂದಿನ ವಾರ ಡಬ್ಬಿ ಮತ್ತೆ ಬಂತು. ಹಾಗೇ ಶುರುವಾಯಿತು.

ಒಮ್ಮೆ ಊರಿಂದ ಬರುವಾಗ ಎರಡು ಕಿಲೋ ಮೆಣಸಿನಕಾಯಿ ತಂದುಕೊಟ್ಟೆ, ಡಬ್ಬಿ ಜಾತಿಯದು. ನಮ್ಮಲ್ಲಿ ಕಡ್ಡಿ, ಡಬ್ಬಿ ಅಂತ ಎರಡು. ಡಬ್ಬಿ ಗಿಡ್ಡ, ದಪ್ಪ, ಬಣ್ಣ ಜಾಸ್ತಿ, ಖಾರ ಕಡಿಮೆ. ಬಾಯಿ ಒಂದನ್ನು ಮುರಿದು ಮೂಸಿ, "ಅಂಗಡಿಯವನು ಇಷ್ಟು ವರ್ಷ ಬ್ಯಾಡಗಿ ಅಂತ ಕೊಟ್ಟದ್ದು ಎಂತದು ಮತ್ತೆ?" ಅಂದರು. ಕರಾವಳಿಯ ಸಾರಿನ ಆ ಕೆಂಪು ನಮ್ಮ ಕಣದಲ್ಲಿ ಒಣಗಿದ್ದು ಅಂತ ನನಗೆ ಹೊಳೆದದ್ದೂ ಅವತ್ತೇ. ಧೈರ್ಯ ಬಂತು. "ನಾನೇ ಮಾಡ್ತೀನಿ, ಹೇಳಿಕೊಡ್ರಿ" ಅಂದೆ.

ಮೀನು ಕೊಳ್ಳುವುದೇ ಅರ್ಧ ಅಡುಗೆ. ಬುಟ್ಟಿ ಹೊತ್ತು ಓಣಿಗೆ ಬರುವ ಅಕ್ಕ ಮೊದಮೊದಲು ನನ್ನ ಮುಖ ನೋಡಿಯೇ ದರ ಹೇಳುತ್ತಿದ್ದಳು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಎತ್ತಿದರೆ ಕೆಂಪಗಿರಬೇಕು, ಹೊಟ್ಟೆ ಒತ್ತಿದರೆ ಕುಳಿ ನಿಲ್ಲಬಾರದು ಅಂತ ಬಾಯಿ ಕಲಿಸಿಕೊಟ್ಟಿದ್ದರು. ನಾನು ಬುಟ್ಟಿಯ ಬಾಂಗಡೆಗಳನ್ನೆಲ್ಲ ಒಂದೊಂದಾಗಿ ಒತ್ತತೊಡಗಿದಾಗ ಆಕೆ, "ಮಾಸ್ತರೇ, ಪರೀಕ್ಷೆ ಶಾಲೆಯಲ್ಲಿ ಮಾಡಿ" ಅಂತ ಬುಟ್ಟಿ ಎಳೆದುಕೊಂಡಳು. ಈಗ ಮುಟ್ಟುವುದಿಲ್ಲ, ಯಾವುದು ಒಳ್ಳೆಯದಿದೆ ಅಂತ ಕೇಳುತ್ತೇನೆ. ತಾರ್ಲಿ (ಬೂತಾಯಿ) ತಗೊಳ್ಳಿ ಅಂದರೆ ತಾರ್ಲಿ.

ಮೊದಲ ಸಾರು ಕೆಟ್ಟಿತು. ಬಾಂಗಡೆ, ತಾರ್ಲಿಯಂಥ ಎಣ್ಣೆ ಮೀನಿಗೆ ಇಲ್ಲಿ ತೆಫಳ ಹಾಕುತ್ತಾರೆ, ಘಟ್ಟದ ಮೇಲಿನವರ ಜುಮ್ಮನಕಾಯಿ. ಒಣಗಿ ಬಾಯಿಬಿಟ್ಟ ಕಾಯಿ, ಒಳಗೆ ಕರಿ ಬೀಜ. ಬೀಜ ಬಿಸಾಡಿ ಸಿಪ್ಪೆ ಮಾತ್ರ ಬಳಸಬೇಕು. ನಾನು ಬೀಜ ಸಮೇತ ಮಸಾಲೆಯ ಜೊತೆ ಮಿಕ್ಸಿಗೆ ಹಾಕಿದ್ದೆ. ಪಾತ್ರೆಯೆಲ್ಲ ಕಹಿ, ಹಲ್ಲಿಗೆ ಮರಳು ಸಿಕ್ಕಿದ ಹಾಗೆ. ಬಾಯಿ ಒಂದು ಚಮಚ ರುಚಿ ನೋಡಿ, ನಗು ತಡೆದುಕೊಂಡು, "ತೆಫಳ ಅರೆಯಬಾರದು ಮಾಸ್ತರೇ, ಜಜ್ಜಬೇಕು" ಅಂದರು.

ಈಗ ನಾನು ಮಾಡುವುದು ಹೀಗೆ. ನಾಲ್ಕು ಬಾಂಗಡೆಗೆ ಒಂದು ದೊಡ್ಡ ಹೋಳು ತೆಂಗಿನಕಾಯಿ, ಎಂಟೊಂಬತ್ತು ಮೆಣಸಿನಕಾಯಿ, ಚಿಟಿಕೆ ಅರಿಶಿನ, ನೆಲ್ಲಿಗಾತ್ರದ ಹುಣಸೆ, ನೆನೆಸಿದ ಅಕ್ಕಿ ಒಂದು ಚಮಚ. ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ ಅರೆಯಬೇಕು, ಇಲ್ಲಿ ಸೋಮಾರಿತನ ನಡೆಯುವುದಿಲ್ಲ. ಉಪ್ಪು ಹಾಕಿ ಮಸಾಲೆ ಕುದಿಸಿ, ಏಳೆಂಟು ತೆಫಳದ ಸಿಪ್ಪೆಯನ್ನು ಚೂರು ನೀರಲ್ಲಿ ಜಜ್ಜಿ ನೀರು ಸಮೇತ ಸುರಿಯುವುದು. ಆಮೇಲೆ ಮೀನು. ಸೌಟು ಹಾಕಿದರೆ ತುಂಡು ಒಡೆಯುತ್ತದೆ, ಪಾತ್ರೆಯನ್ನೇ ಎರಡೂ ಕೈಯಲ್ಲಿ ಹಿಡಿದು ಸುತ್ತ ಅಲ್ಲಾಡಿಸಬೇಕು. ಐದಾರು ನಿಮಿಷ ಸಾಕು. ಒಲೆ ಆರಿಸಿ ಮೇಲೆ ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ, ಮುಚ್ಚಳ. ರಾತ್ರಿ ಮಾಡಿ ಬೆಳಿಗ್ಗೆ ಉಂಡರೆ ಇನ್ನೂ ರುಚಿ. ಶೆಟ್ಲಿ (ಸಿಗಡಿ) ಸಾರಿಗೆ ತೆಫಳ ಬೇಡ, ಈರುಳ್ಳಿ ಹಾಕಿ ಅಂತಾರೆ ಬಾಯಿ. ಯಾಕೆ ಅಂದರೆ "ಬೇಡ ಅಂದ್ರೆ ಬೇಡ".

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲ ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಂತಿರುತ್ತವೆ. ಆಗ ಅಟ್ಟದ ಡಬ್ಬದಿಂದ ಒಣ ಮೀನು ಇಳಿಯುತ್ತದೆ. ಕೆಂಡದ ಮೇಲೆ ಸುಟ್ಟ ಒಣ ಬಾಂಗಡೆ, ಕುಚ್ಚಲಕ್ಕಿ ಗಂಜಿ, ಹೊರಗೆ ಮಳೆ. ಬೇಸಿಗೆಯ ತಾಜಾ ಮೀನಿಗಿಂತ ನನಗೆ ಇದೇ ಹೆಚ್ಚು ಇಷ್ಟ ಅಂದರೆ ಇಲ್ಲಿಯವರು ನಂಬುವುದಿಲ್ಲ.

ಊರಿಂದ ಗೆಳೆಯರು ಬಂದರೆ ಸಂಜೆ ಟಾಗೋರ್ ಕಡಲತೀರಕ್ಕೆ ಕರೆದೊಯ್ಯುತ್ತೇನೆ. ರವೀಂದ್ರನಾಥರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತಮ್ಮ ಬಂದು ತಂಗಿದ್ದರು, 1883ರಲ್ಲಿ. ಗೆಳೆಯರಿಗೆ ಅದಕ್ಕಿಂತ ರಾತ್ರಿ ಊಟ ಎಲ್ಲಿ ಅನ್ನುವುದೇ ಮುಖ್ಯ. ನನ್ನ ಮನೆಯಲ್ಲೇ ಅಂದರೆ ಮುಖ ಸಣ್ಣದಾಗುತ್ತದೆ. ಉಂಡ ಮೇಲೆ ಸುಮ್ಮನಾಗುತ್ತಾರೆ.

ಹೋದ ಚಳಿಗಾಲದಲ್ಲಿ ಓಣಿಯ ದೇವಸ್ಥಾನದ ಜಾತ್ರೆಗೆ ಹುಡುಗರು ನಾಟಕ ಹಾಕಿದರು. ನನಗೆ ಅರ್ಧ ಕೊಂಕಣಿ ತಿಳಿಯುವುದಿಲ್ಲ. ಬಾಯಿ ಪಕ್ಕದಲ್ಲಿ ಕೂತು ಬೆಳಗಿನ ಎರಡರವರೆಗೆ ಕನ್ನಡದಲ್ಲಿ ಹೇಳುತ್ತಾ ಹೋದರು. ಹಿಂದಿನ ಸಾಲಿನವರು ಗದರಿದರೂ ನಿಲ್ಲಿಸಲಿಲ್ಲ. ನಡುವೆ ಒಮ್ಮೆ, ರಾಜ ಸಾಯುವ ಹೊತ್ತಲ್ಲಿ, ಸೆರಗಿನ ಗಂಟು ಬಿಚ್ಚಿ ಹುರಿದ ಗೇರುಬೀಜ ಕೈಗೆ ಹಾಕಿದರು.

ಡಬ್ಬಿ ಈಗ ನನ್ನ ಅಡುಗೆಕಟ್ಟೆಯ ಮೇಲಿದೆ. ಮೊನ್ನೆ ಬಂದದ್ದು ಬೆಳಚಿನ (ಚಿಪ್ಪುಮೀನಿನ) ಸುಕ್ಕಾ. ಚಟ್ನಿಪುಡಿ ತೀರಿದೆ ಅಂತ ಅವ್ವನಿಗೆ ಫೋನು ಮಾಡಿದೆ. ಶೇಂಗಾ ಹೋಳಿಗೆ ಮಾಡಿ ನಾಳೆ ಬಸ್ಸಿಗೆ ಹಾಕುತ್ತಾಳಂತೆ. "ಆ ಅಕ್ಕೋರು ಬೆಲ್ಲ ಜಾಸ್ತಿ ತಿಂತಾರೋ, ಕಮ್ಮಿನೋ?" ಅಂತ ಕೇಳಿದಳು. ಇವತ್ತು ಕೇಳಿ ಹೇಳಬೇಕು.