ಕೊನೆಯವನನ್ನು ಮುಂದೆ ಬಿಟ್ಟ ಮೇಲೆ

ಮಕ್ಕಳನ್ನು ಸೈಕಲ್ ಮೇಲೆ ಕಾಡಿಗೆ ಕರೆದೊಯ್ಯುತ್ತೇನೆ ಅಂದಾಗ ಸಹೋದ್ಯೋಗಿಗಳು ನಕ್ಕರು. "ಬಸ್ಸಲ್ಲಿ ಹೋಗಿ ತೋರಿಸಿಕೊಂಡು ಬನ್ನಿ ಸಾರ್, ಯಾಕೆ ತಲೆನೋವು?" ಎರಡು ಸಲ ಅವರ ಮಾತೇ ನಿಜವಾಯಿತು. ಮೂರನೆಯ ಸಲ ಕೈಗೂಡಿತು, ಅದಕ್ಕೇ ಈ ಬರಹ.

ಮೊದಲ ಸಲ 22 ಮಕ್ಕಳು, ದಿನಕ್ಕೆ 40 ಕಿ.ಮೀ. ಗುರಿ. ಗಟ್ಟಿಗರು ಕಣ್ಣಿಗೆ ಕಾಣದಷ್ಟು ಮುಂದೆ, ಉಳಿದವರು ಏದುಸಿರು ಬಿಡುತ್ತಾ ಹಿಂದೆ. ಸಂಜೆ ಕಾಡು ಹೇಗಿತ್ತು ಅಂತ ಕೇಳಿದರೆ, "ರಸ್ತೆ ಚೆನ್ನಾಗಿತ್ತು ಸಾರ್" ಅಂದ ಒಬ್ಬ! ಸೈಕಲ್ಲುಗಳು ಬಾಡಿಗೆಯವು. ಸೊಟ್ಟಗಾದ ರಿಮ್ಮು, ಮುರಿದ ಪೆಡಲ್ಲು ಎಲ್ಲದಕ್ಕೂ ಕಟ್ಟಿದ ದಂಡ ಬಾಡಿಗೆಯನ್ನೇ ಮೀರಿಸಿತು. ಸ್ವಲ್ಪ ನನ್ನ ಜೇಬಿನಿಂದಲೂ ಹೋಯಿತು.

ಎರಡನೆಯ ಸಲದ ತಪ್ಪು ಪೂರ್ತಿ ನನ್ನದೇ. ಬೇರುಗಳ ಮೇಲೆ ಹಿಡಿತ ಸಿಗಲಿ ಎಂದು ಟೈರಿನ ಗಾಳಿಯ ಒತ್ತಡವನ್ನು ಸುಮಾರು 25 ಪಿಎಸ್‌ಐಗೆ ಇಳಿಸಿದೆ. ಕಲ್ಲಿಗೆ ಬಡಿದಾಗಲೆಲ್ಲ ಟ್ಯೂಬು ರಿಮ್ಮಿಗೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡೆರಡು ತೂತು. ಒಂದೇ ದಿನ ಹನ್ನೊಂದೋ ಹನ್ನೆರಡೋ ಪಂಕ್ಚರ್. ಸೊಲ್ಯೂಷನ್ ಮಧ್ಯಾಹ್ನಕ್ಕೇ ಖಾಲಿ. ಈಗ 40ರ ಆಸುಪಾಸಿಗಿಂತ ಕೆಳಗೆ ಇಳಿಸುವುದಿಲ್ಲ.

ಈ ಸಲ ಮಕ್ಕಳ ಸೈಕಲ್ಲುಗಳನ್ನೇ ತರಿಸಿ, ಒಂದು ವಾರ ಮೊದಲೇ ಮೆಕ್ಯಾನಿಕ್‌ನನ್ನು ಕರೆಸಿ ಬ್ರೇಕ್ ಶೂ, ಚೈನು ನೋಡಿಸಿದೆ. ಒಟ್ಟು ಖರ್ಚು ಮೊದಲ ಸಲದ ಅರ್ಧವೂ ಆಗಲಿಲ್ಲ. ದೂರ 16 ಕಿ.ಮೀ. ಮಾತ್ರ. ಎಲ್ಲರಿಗಿಂತ ನಿಧಾನದವನು ಮುಂದೆ, ಅವನನ್ನು ಯಾರೂ ದಾಟುವಂತಿಲ್ಲ. ಇದನ್ನೇ ಎಲ್ಲರೂ ಅನುಮಾನಿಸಿದ್ದು: ಗಟ್ಟಿಗರು ಬೇಸತ್ತು ಗಲಾಟೆ ಮಾಡುತ್ತಾರಂತೆ. ಅವರ ಬ್ಯಾಗಿಗೆ ಪಂಪು, ಅಳತೆ ಟೇಪು, ಥರ್ಮಾಮೀಟರ್ ಹಾಕಿದೆ. ಎರಡು ಕಿ.ಮೀ.ಗೊಂದು ನಿಲುಗಡೆ, ಒಂದು ನಿಲುಗಡೆಗೆ ಒಂದೇ ಕೆಲಸ. ಗಲಾಟೆಗೆ ಪುರುಸೊತ್ತೇ ಸಿಗಲಿಲ್ಲ.

ಥರ್ಮಾಮೀಟರನ್ನು ಮೊದಲು ಬಿಸಿಲಲ್ಲಿ ಹಿಡಿದು ಏನೇನೋ ಬರೆದುಕೊಂಡಿದ್ದರು. ಎರಡೂ ಕಡೆ ನೆರಳಲ್ಲೇ ಹಿಡಿಸಿದಾಗ, ಕಾಡಂಚಿನ ರಸ್ತೆ ಬದಿಯಲ್ಲಿ 33 ಡಿಗ್ರಿ, ದಟ್ಟ ಮರಗಳ ನಡುವೆ 28ರ ಹತ್ತಿರ. ಮರದ ಮೇಲೆ ಬೆಳೆಯುವ ಕಲ್ಲುಹೂವು (ಲೈಕನ್) ನೋಡಿಸಿದ್ದು ಇನ್ನೂ ಚೆನ್ನಾಗಿ ನಡೆಯಿತು. ಗಂಧಕದ ಹೊಗೆಗೆ ಗಡ್ಡದಂತೆ ಜೋತಾಡುವ ಜಾತಿಗಳು ಮೊದಲು ಸಾಯುತ್ತವೆ, ತೊಗಟೆಗೆ ಅಂಟಿಕೊಂಡವು ಹೆಚ್ಚು ತಾಳುತ್ತವೆ. ಒಳಗೆ ಹೋದಂತೆ ಗಡ್ಡದವು ಹೆಚ್ಚಾದವು. ಆದರೆ ಬೆಳಕು, ತೇವವೂ ಬದಲಾಗುತ್ತವೆ. ಹೊಗೆಯೊಂದನ್ನೇ ದೂರಬೇಡಿ ಅಂತ ಎರಡು ಸಲ ಹೇಳಬೇಕಾಯಿತು.

ರಾತ್ರಿ ನನ್ನದೊಂದು ಹುಚ್ಚು. ಚಿಮ್ಮಂಡೆಯ ಕಿರುಚಾಟ ಎಣಿಸಿ ಉಷ್ಣತೆ ಹೇಳಬಹುದು ಎಂದು 1897ರಲ್ಲಿ ಡಾಲ್ಬೇರ್ ಎಂಬಾತ ಸೂತ್ರ ಕೊಟ್ಟಿದ್ದ. ನಾವೂ ಎಣಿಸಿದೆವು. ಮೂರ್ನಾಲ್ಕು ಜಾತಿಗಳು ಒಟ್ಟಿಗೆ ಕೂಗುತ್ತಿದ್ದವು, ನಮ್ಮ ಲೆಕ್ಕದಲ್ಲಿ ಕಾಡು ಕುದಿಯುತ್ತಿತ್ತು! ಥರ್ಮಾಮೀಟರ್ ಮಾತ್ರ 21 ಅಂದಿತು.

ಮೊಬೈಲುಗಳನ್ನು ಮಕ್ಕಳೇ ತಾವಾಗಿ ಬ್ಯಾಗಿನೊಳಗೆ ಇಡುವಂತೆ ಮಾಡಿದ್ದು ಹೇಗೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅಂದು ನಕ್ಕವರಲ್ಲೊಬ್ಬರು ಮೊನ್ನೆ ಸಾಮಾನಿನ ಪಟ್ಟಿ ಕೇಳಿದರು. ಕೊಟ್ಟೆ. ಉಳಿದ ಐದು ಟ್ಯೂಬುಗಳನ್ನು ಕೊಡಲಿಲ್ಲ.